ಇನ್ನೊಂದು ಚೀಲ

"ನಿಂದು ಎಷ್ಟು ಹಾಕಲಿ?" ಎಂದು ಪೈಲಟ್ ಕೇಳಿದಾಗ ಅವನ ಹೆಂಡತಿ ಹಿಂದೆ ಮುಂದೆ ನೋಡದೆ "ಐವತ್ತನಾಲ್ಕು" ಎಂದುಬಿಟ್ಟಳು. ಸುಳ್ಳೇನಲ್ಲ. ಬಸುರಿಯಾಗುವುದಕ್ಕೆ ಮುಂಚೆ ಅವಳು ಐವತ್ತನಾಲ್ಕು ಕಿಲೋ ಇದ್ದದ್ದು ನಿಜ. ಪೈಲಟ್ ತೂಕದ ಚೀಟಿಯಿಂದ ತಲೆಯೆತ್ತದೆ ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡ.

ನಾಲ್ಕು ಸೀಟಿನ ಪುಟ್ಟ ವಿಮಾನ, ಹುಲ್ಲಿನ ಮೋಟು ರನ್‌ವೇ, ಅದು ಮುಗಿಯುವಲ್ಲಿ ಎತ್ತರದ ಸಾಲುಮರ. ಹತ್ತುವ ಜನ, ಸಾಮಾನು ಎಲ್ಲದರ ತೂಕ ಕೂಡಿಸಿ ಬರೆಯಬೇಕು. ಮಿತಿ ದಾಟಿದರೆ ಯಾರಾದರೊಬ್ಬರು ಇಳಿಯಬೇಕು. ಮದುವೆಗೆ ಮುಂಚೆ ಇದೇ ಆಫೀಸಿನಲ್ಲಿ ಕೂತು ಈ ಚೀಟಿಗಳನ್ನು ಬರೆಯುತ್ತಿದ್ದವಳು ಅವಳೇ. ಹತ್ತುವ ಮುನ್ನ ಜನ ದೇವರನ್ನು ನೆನೆಯುತ್ತಾರೆ, ತಮ್ಮ ತೂಕ ಮಾತ್ರ ಮರೆಯುತ್ತಾರೆ ಎಂಬುದನ್ನು ನಾಲ್ಕು ವರ್ಷ ಕಂಡವಳು. ಅನುಮಾನ ಬಂದವರನ್ನು ಮೂಲೆಯಲ್ಲಿದ್ದ ಸಾಮಾನು ತೂಗುವ ಮಷಿನ್ನಿನ ಮೇಲೆ ಮುಲಾಜಿಲ್ಲದೆ ನಿಲ್ಲಿಸಿದವಳು. ಆದರೆ ಹೆರಿಗೆಯಾಗಿ ಮೂರು ತಿಂಗಳು ನಾಲ್ಕು ಗೋಡೆ ನೋಡಿ ನೋಡಿ ಇವತ್ತು ಮೊದಲ ಸಲ, ಸರೋವರದ ದಂಡೆಯಲ್ಲಿ ಕೂತು ಊಟ ಮಾಡಿ ಬರೋಣವೆಂದು ಹೊರಟಿದ್ದರು. ಅವಳು ಇಳಿದರೆ ಮಗುವೂ ಇಳಿದಂತೆ. ಪ್ರವಾಸ ಅಲ್ಲಿಗೆ ಮುಗಿಯಿತು. ಹಳೆಯ ಉಡುಪಿನ ಜಿಪ್ಪು ಬೆಳಿಗ್ಗೆ ಅರ್ಧಕ್ಕೇ ನಿಂತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅತ್ತೆಯನ್ನೂ ಕೇಳಿದ್ದಾಯಿತು. ಮದುವೆಯಾದ ವರ್ಷ ಅರವತ್ತಿದ್ದೆ, ಇವತ್ತಿಗೂ ಅರವತ್ತೇ, ಮಷಿನ್ ಹತ್ತುವುದಕ್ಕೆ ನಾನೇನು ಮೂಟೆಯೇ ಎಂದರು. ಮಗ ಎದುರಾಡದೆ ಬರೆದುಕೊಂಡ. ಅಮ್ಮನ ಮಾತನ್ನು ತೂಗಿ ನೋಡುವ ಅಭ್ಯಾಸ ಇವನಿಗಿಲ್ಲ ಎಂದು ಸೊಸೆ ಮನಸ್ಸಿನಲ್ಲೇ ಮೂತಿ ತಿರುವಿದಳು.

ಉಳಿದದ್ದು ಮಗು. ಹೋದ ವಾರ ಡಾಕ್ಟರು ಆರು ಕಿಲೋ ಎಂದಿದ್ದರೂ ಪೈಲಟ್ ಒಪ್ಪಲಿಲ್ಲ. ಹೋದ ವಾರದ ತೂಕ ಹೋದ ವಾರಕ್ಕೆ. ತಣ್ಣಗಿನ ಕಬ್ಬಿಣದ ಮೇಲೆ ಮಲಗಿಸಿದೊಡನೆ ಮಗು ಕಿರುಚಿಕೊಂಡಿತು. ಅತ್ತೆ ಎತ್ತಿಕೊಳ್ಳಲು ಹೋದರೆ ಇನ್ನೂ ಜೋರಾಯಿತು. ಎಲ್ಲಿ ಪ್ರಯಾಣವೇ ನಿಂತುಹೋಗುತ್ತದೋ ಎಂದು ಅವಳೇ ಎತ್ತಿಕೊಂಡು ಮಷಿನ್ನಿನ ಮೇಲೆ ನಿಂತಳು. ತಾನು ನಿಂತದ್ದು ಎಲ್ಲಿ ಎಂಬುದು ಹೊಳೆಯುವಷ್ಟರಲ್ಲಿ ಮುಳ್ಳು ಎಪ್ಪತ್ತನಾಲ್ಕಕ್ಕೆ ಹೋಗಿ ಕೂತಿತ್ತು.

"ಅದ್ರಲ್ಲಿ ಐವತ್ತನಾಲ್ಕು ಕಳೆದ್ರೆ..." ಅತ್ತೆ ನಿಧಾನವಾಗಿ ಬೆರಳು ಮಡಿಸಿದರು. "ಇಪ್ಪತ್ತು. ಮೂರು ತಿಂಗಳಿಗೆ ಇಪ್ಪತ್ತು ಕಿಲೋ ಮಗು. ಮುಂದಿನ ತಿಂಗಳೇ ಸ್ಕೂಲಿಗೆ ಹಾಕಬಹುದು."

ಪೈಲಟ್ ನಗಲಿಲ್ಲ. ಹೆಂಡತಿಯ ಮುಖವನ್ನೂ ನೋಡಲಿಲ್ಲ. ಚೀಟಿಯ ಮೇಲೆ ಬಗ್ಗಿ ಏನೇನೋ ಬರೆದು ಕೂಡಿಸಿದ. ಮಿತಿಗೆ ಇನ್ನೂ ಎಂಟು ಕಿಲೋ ಬಾಕಿ ಇದೆ, ನಡೆಯಿರಿ ಎಂದ.

ವಿಮಾನದಲ್ಲಿ ಅತ್ತೆ ಹಿಂದೆ ಕೂತರು. ಅತ್ತು ಸುಸ್ತಾದ ಮಗು ಅವರ ಪಕ್ಕದಲ್ಲಿ, ತನ್ನ ಪುಟ್ಟ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ನಿದ್ದೆ ಹೋಗಿತ್ತು. ಅವಳು ಮುಂದೆ, ಗಂಡನ ಪಕ್ಕ. ತೆರೆದ ಕಿಟಕಿಯ ಗಾಳಿಗೆ ಅವನ ತೊಡೆಯ ಮೇಲಿದ್ದ ಚೀಟಿ ಪಟಪಟಿಸಿತು. ಮೇಲಿನೆರಡು ಸಾಲುಗಳ ಮೇಲೆ ಅಂಗೈಯೂರಿ ಹಿಡಿದುಕೊಂಡ. ಕೆಳಗಿನವು ಅವಳ ಕಣ್ಣಿಗೆ ಬಿದ್ದವು. ಹೆಂಡತಿ, ಐವತ್ತನಾಲ್ಕು. ಮಗು, ಆರು. ಚೀಲ, ಎಂಟು. ಇನ್ನೊಂದು ಚೀಲ, ಹದಿನಾಲ್ಕು.

ಅವಳು ತಿರುಗಿ ನೋಡಿದಳು. ಮಗುವಿನ ಬಟ್ಟೆ, ಊಟದ ಡಬ್ಬಿ ತುಂಬಿದ್ದ ಚೀಲ ಒಂದೇ. ಸೀಟಿನ ಕೆಳಗೂ ಬಗ್ಗಿ ನೋಡಿದಳು. ಆಮೇಲೆ ಲೆಕ್ಕ ತಲೆಗೆ ಹತ್ತಿತು. ಹದಿನೆಂಟು ವರ್ಷದಲ್ಲಿ ಒಂದು ಅಂಕಿ ತಪ್ಪು ಬರೆಯದವನು, ಬೀಗದ ಕೈ ಗೊಂಚಲಿನ ತೂಕವನ್ನೂ ಬರೆಸಿ ಅವಳಿಂದ ಆಫೀಸಿನಲ್ಲಿ ಬೈಸಿಕೊಳ್ಳುತ್ತಿದ್ದವನು, ಇವತ್ತು ಇಲ್ಲದ ಚೀಲವೊಂದನ್ನು ಹುಟ್ಟಿಸಿದ್ದ.

ಅವಳು ಅವನ ಕಿವಿಯ ಮೇಲಿದ್ದ ಪೆನ್ಸಿಲ್ ಎಳೆದುಕೊಂಡು ಇನ್ನೊಂದು ಚೀಲವನ್ನು ಹೊಡೆದುಹಾಕಿ, ತನ್ನ ಸಾಲನ್ನು ತಿದ್ದಿದಳು.

"ಅರವತ್ತೆಂಟು," ಎಂದು ಹಿಂದಿನವರಿಗೂ ಕೇಳುವಂತೆ ಹೇಳಿದಳು. "ಆ ಚೀಲ ನಾನೇ ಹೊತ್ಕೊಂಡಿದೀನಿ ಕಣ್ರೀ. ಹಿಂದೆ ಇದೆ ಅಂತ ಲೆಕ್ಕ ಹಾಕಿದ್ರೆ ವಿಮಾನದ ಮೂತಿ ಜಗ್ಗೀತು."

"ಲೆಕ್ಕ ಮುಂದಿನ ಸೀಟಿಗೇ ಹಾಕಿದೀನಿ," ಎಂದ ಅವನು. ಕಿವಿ ಕೆಂಪಗಾಗಿತ್ತು. "ಹೆಸರು ಮಾತ್ರ ಚೀಲದ್ದು."

ಅತ್ತೆ ಮಗುವಿನ ಹೊದಿಕೆ ಸರಿಮಾಡಿದರು, ತಮ್ಮ ಬೆಲ್ಟು ಬಿಗಿಮಾಡಿದರು, ಮತ್ತೆ ಸಡಿಲ ಮಾಡಿದರು. ರನ್‌ವೇಯ ಆ ತುದಿಯ ಮರಗಳನ್ನು ಒಮ್ಮೆ ದಿಟ್ಟಿಸಿದರು.

"ಲೋ," ಎಂದರು ಕೊನೆಗೆ, ಕಿಟಕಿಯ ಕಡೆ ಮುಖಮಾಡಿ. "ನಂದಕ್ಕೂ ಒಂದು ಹತ್ತು ಸೇರಿಸ್ಕೊಳ್ಳೋ."

ಬಾಕಿ ಇದ್ದದ್ದು ಎಂಟೇ. ಸೊಸೆಯ ಕೈ ತಾನಾಗಿ ಬೆಲ್ಟಿನ ಬಕಲ್ ಮೇಲೆ ಹೋಯಿತು.

ಪೈಲಟ್ ತಿರುಗಿ ನೋಡದೆ ಕೀಲಿ ತಿರುಗಿಸಿದ.

"ಹನ್ನೆರಡು ಆಗಲೇ ಸೇರಿಸಿದೀನಮ್ಮ."