ಮಾರಗೊಂಡನಕೆರೆಯ ಅಡಿಯ ಪಟ್ಟಣ

"ಕೈ ತೆಗೀರಿ ಮೇಡಂ. ಇನ್ನೊಂದು ಹಿಡಿ ಮಣ್ಣು ತೆಗೆದ್ರೆ ಚೆನ್ನಾಗಿರಲ್ಲ."

ಮಿಸ್ಬಾ ತಲೆ ಎತ್ತಲಿಲ್ಲ. ದನಿ ಜಗನ್‌ನದು, ಊರ ಹಿರಿಯ ಮುನಿನಾರಾಯಣಪ್ಪನವರ ಮಗ. ಅವನ ಹಿಂದೆ ನಾಲ್ಕೈದು ಜನ ಬತ್ತಿದ ಕೆರೆಯಂಗಳದಲ್ಲಿ ಬಿರಬಿರನೆ ಬರುತ್ತಿದ್ದರು. ಅವಳ ಮುಂದೆ ಹೂಳಿನೊಳಗಿಂದ ಕಲ್ಲುಚಪ್ಪಡಿಯ ಗೋಡೆಯೊಂದು ಅರ್ಧ ಎದ್ದು ನಿಂತಿತ್ತು.

ಮಿಸ್ಬಾ ಫ್ರೇಜರ್ ಟೌನಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಕೆ.ಆರ್. ಪುರದಾಚೆಯ ಈ ಮಾರಗೊಂಡನಕೆರೆಯ ಕಥೆಯ ಬೆನ್ನು ಹತ್ತಿ ವರ್ಷಗಳೇ ಆಗಿದ್ದವು. ಕೆರೆ ಇರುವಲ್ಲಿ ಹಿಂದೆ ಒಂದು ಪಟ್ಟಣವಿತ್ತಂತೆ. ದಣಿದು ಬಂದ ಮುದುಕಿಯೊಬ್ಬಳು ನೀರು ಕೇಳಿದಳಂತೆ. ಸೊಕ್ಕಿದ ಜನ ಕೊಡಲಿಲ್ಲವಂತೆ. ಬಂದವಳು ದೇವಿ. "ನೀರೇ ನಿಮ್ಮನ್ನು ನುಂಗಲಿ" ಎಂದಳಂತೆ. ಬೆಳಗಾಗುವುದರೊಳಗೆ ಊರು ನೀರುಪಾಲು. ಯಾವ ಮನೆಯಲ್ಲಿ ಕೇಳಿದರೂ ಇದೇ ಕಥೆ, ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಪರಂಪರೆ ಎಂದರೆ ಹೀಗಿರಬೇಕು ಎಂದು ಅವಳು ಬೆರಗಾಗಿದ್ದಳು. ಚೋಳರ ಕಾಲದ ಊರಿರಬೇಕು ಎಂಬುದು ಅವಳ ಅಂದಾಜು.

ಮೊದಲು ಜಗಲಿಯಲ್ಲಿ ಕೂರಿಸಿ ಕಥೆ ಹೇಳಿದವರು ಮುನಿನಾರಾಯಣಪ್ಪನವರೇ. "ಆ ಊರು ನೋಡಿದೋರು ಯಾರೂ ಉಳಿದಿಲ್ಲಮ್ಮ" ಎಂದಿದ್ದರು. ತಮ್ಮ ತಂದೆ ಕೆರೆಯ ಏರಿಯನ್ನು ಎತ್ತರಿಸಿದ ಮೇಲೆ ನೀರು ಒಮ್ಮೆಯೂ ಬತ್ತಲಿಲ್ಲ ಎಂದು ಹೆಮ್ಮೆಯಿಂದ ಮೀಸೆ ನೀವಿಕೊಂಡಿದ್ದರು. ಈ ಬೇಸಿಗೆ ಹೂಳೆತ್ತಲೆಂದು ಸರ್ಕಾರದವರು ನೀರು ಖಾಲಿ ಮಾಡಿಸಿದರು ನೋಡಿ, ಮುನಿನಾರಾಯಣಪ್ಪನವರ ಮಾತೇ ಬದಲಾಯಿತು. ಅಂಗಳಕ್ಕೆ ಕಾಲಿಟ್ಟವರು ರಕ್ತ ಕಾರಿ ಸಾಯುತ್ತಾರೆ ಎನ್ನತೊಡಗಿದರು. ನಾಳೆ ಬರಲಿರುವ ಜೆಸಿಬಿಗಳಿಗೆ ಮಾತ್ರ ಅವರ ಅಡ್ಡಿಯಿರಲಿಲ್ಲ.

ಜಗನ್ ಬಗ್ಗಿ ಅವಳ ಕೈಯಿಂದ ಕರಣೆ ಕಿತ್ತುಕೊಂಡ. ಮಿಸ್ಬಾ ಬರಿಗೈಯಲ್ಲೇ ಕೆಸರು ಬಳಿದಳು. ಉಗುರಿನ ಸಂದಿಯಲ್ಲಿ ರಕ್ತ ಒಸರಿತು. ಗೋಡೆಯ ಪಕ್ಕದಲ್ಲಿ ಹೊಸ್ತಿಲು ಕಂಡಿತು. ಬಾಗಿಲ ಚೌಕಟ್ಟು ಕಂಡಿತು. ಕಥೆ ನಿಜ.

ಅಷ್ಟರಲ್ಲಿ ಮುನಿನಾರಾಯಣಪ್ಪನವರೂ ಬಂದು ನಿಂತರು. ಅವರ ದನಿ ತಣ್ಣಗಿತ್ತು.

"ಸಿಕ್ತಲ್ಲಮ್ಮ, ಸಾಕು. ಫೋಟೋ ತೆಗ್ದಿರೋ ಫೋನ್ ಕೊಟ್ಬಿಟ್ಟು ಮನೆಗೆ ಹೋಗಿ."

"ಇದು ನಿಮ್ಮೂರಿಗೇ ಹೆಮ್ಮೆ ಸರ್. ದೇವಿ ಮೇಲೆ ಭಯ ಇದ್ರೆ ಪೂಜೆ ಮಾಡ್ಸೋಣ."

"ನನಗೆ ಭಯ ದೇವಿದಲ್ಲ."

ಜಗನ್ ಅವಳ ತೋಳು ಹಿಡಿದ. ಉಳಿದವರು ಸುತ್ತ ಒತ್ತಿಕೊಂಡರು. ಏರಿ ದೂರವಿತ್ತು, ಕೂಗಿದರೂ ರಸ್ತೆಗೆ ಕೇಳಿಸುವಂತಿರಲಿಲ್ಲ.

"ಅವಳ ಕೈ ಬಿಡೋ."

ಎಲ್ಲರೂ ತಿರುಗಿದರು. ಮುನಿನಾರಾಯಣಪ್ಪನವರ ಹೆಂಡತಿ ಗಂಗಲಕ್ಷ್ಮಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಸರಲ್ಲಿ ಕಾಲೆಳೆಯುತ್ತ ಬರುತ್ತಿದ್ದರು.

"ಮನೆಗೆ ನಡಿಯೇ" ಎಂದರು ಮುನಿನಾರಾಯಣಪ್ಪ.

"ನಡೀತೀನಿ. ಇವತ್ತು ನೋಡ್ಬಿಟ್ಟು ನಡೀತೀನಿ." ಆಕೆ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಮಿಸ್ಬಾಳ ನೀರಿನ ಬಾಟಲಿ ಎತ್ತಿ ಅವಳಿಗೇ ಕೊಟ್ಟರು. "ಅಲ್ಲಿ ಹುಯ್ಯಿ ಮಗಳೇ. ಬಾಗಿಲ ಬಲಗಡೆ. ಇನ್ನೊಂಚೂರು ಮೇಲೆ."

ಯಾರೂ ಅಲುಗಲಿಲ್ಲ. ಮುನಿನಾರಾಯಣಪ್ಪನವರು ಮುಖ ತಿರುಗಿಸಿಕೊಂಡರು.

ಮಿಸ್ಬಾ ನೀರು ಹುಯ್ದಳು, ದುಪಟ್ಟಾದ ಅಂಚಿನಿಂದ ಒರೆಸಿದಳು. ಕೆಸರು ಕರಗಿ ಇಳಿಯಿತು.

ಸಾವಿರ ವರ್ಷದ ಹಿಂದೆ ದೇವಿ ಮುಳುಗಿಸಿದ ಪಟ್ಟಣದ ಗೋಡೆಯ ಮೇಲೆ, ಕಪ್ಪಗೆ, ಗುಂಡಗೆ, ಕರೆಂಟಿನ ಸ್ವಿಚ್ಚೊಂದಿತ್ತು.