ಏಳು ವರ್ಷ ಸತ್ತಿರಬೇಕಾದವನು

ಟಿವಿಯ ಪತ್ತೇದಾರಿ ಧಾರಾವಾಹಿಯೊಂದರಲ್ಲಿ ಸೇಬಿನ ಹೆಂಡದ ಪೀಪಾಯಿಯಲ್ಲಿ ಮುಳುಗಿ ಸತ್ತಿದ್ದ ವಿಷಯವನ್ನು ನಟ ನಾರ್ಮನ್ ಟ್ವೆಡಲ್ ತನ್ನ ಪಾತ್ರಗಳ ಪಟ್ಟಿಯಿಂದ ಹೊಡೆದುಹಾಕಿದ್ದ. ಆ ಧಾರಾವಾಹಿಯ ಕಟ್ಟಳೆಯೇ ಹಾಗಿತ್ತು: ಒಮ್ಮೆ ಅದರಲ್ಲಿ ಸತ್ತ ನಟ ಏಳು ವರ್ಷ ಸತ್ತೇ ಇರಬೇಕು. ಅದಕ್ಕೆ ಮೊದಲೇ ಬೇರೆ ವೇಷದಲ್ಲಿ ಎದ್ದು ಬಂದರೆ ನಿವೃತ್ತ ಮೇಷ್ಟರುಗಳು ಗುರುತು ಹಿಡಿದು ಕಂಪನಿಗೆ ಕಾಗದ ಬರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ವಾರಕ್ಕೆ ಮೂವರಂತೆ ಕೊಲೆಯಾಗುತ್ತಿದ್ದರೂ ಕತೆ ನಡೆಯುವ ಆ ಪುಟ್ಟ ಹಳ್ಳಿಯಲ್ಲಿ ಜನ ಹೇಗೆ ಉಳಿದಿದ್ದಾರೆ ಎಂಬ ಬಗ್ಗೆ ಮಾತ್ರ ಅವರದೇನೂ ತಕರಾರಿರಲಿಲ್ಲ. ನಾರ್ಮನ್ ಸತ್ತು ನಾಲ್ಕೇ ವರ್ಷವಾಗಿತ್ತು.

ಈಗ ಖಾಲಿ ಇದ್ದದ್ದು ಅದೇ ಹಳ್ಳಿಯ ಪಬ್ ಮಾಲೀಕನ ಪಾತ್ರ. ಪ್ರತಿ ವಾರ ಬರುತ್ತಾನೆ, ಬಿಯರ್ ತುಂಬಿಸಿ ಕೊಡುತ್ತಾನೆ, ಸಾಯುವುದಿಲ್ಲ. ಮೂರು ವರ್ಷದ ಕರಾರು. ನಲವತ್ತೊಂದು ವರ್ಷಗಳಲ್ಲಿ ನಾರ್ಮನ್ ಒಂಬತ್ತು ಸಲ ಬಟ್ಲರ್, ಎರಡು ಸಲ ರಷ್ಯಾದ ಗೂಢಚಾರ, ಮಕ್ಕಳ ಕಾರ್ಯಕ್ರಮದಲ್ಲಿ ಕಿವಿ ಮಾತ್ರ ಕಾಣುವ ಕರಡಿ ಆಗಿದ್ದ; ಒಂದು ವಾರವಂತೂ ಸೋಮವಾರ ಬಿಷಪ್ ಆಗಿ ಗುರುವಾರ ಆ ಬಿಷಪ್ಪನ ಕಡೆಯ ವಕೀಲನೂ ಆಗಿದ್ದ. ಇಷ್ಟಾದರೂ ರೈಲಿನಲ್ಲಿ ಜನ ಅವನನ್ನು ದಿಟ್ಟಿಸಿ, "ನಮ್ಮನೆ ಬಾಯ್ಲರ್ ರಿಪೇರಿಗೆ ಬಂದಿದ್ದವ್ರು ನೀವೇ ಅಲ್ವಾ?" ಎನ್ನುತ್ತಿದ್ದರು. "ಈ ಸಲವಾದ್ರೂ ಬದುಕಿ ಬಾ ಮಾರಾಯ" ಎಂದು ಹೇಳಿ ಹೆಂಡತಿ ಬೆಳಿಗ್ಗೆ ಆಡಿಷನ್ನಿಗೆ ಕಳಿಸಿದ್ದಳು.

ಲಂಡನ್ನಿನ ಒಂದು ಚರ್ಚಿನ ಹಿಂದಿದ್ದ ಬಾಡಿಗೆ ಹಾಲ್‌ನಲ್ಲಿ ಇಬ್ಬರು ಮೇಜಿನಾಚೆ ಕೂತಿದ್ದರು. ನಟರನ್ನು ಆರಿಸುವ ಹೆನ್ರಿಯೆಟ್ಟಾ, ಮತ್ತು ಹೊಸ ನಿರ್ದೇಶಕ ಫರ್ಗಸ್, ಅವನಿಗೆ ಇಪ್ಪತ್ತೊಂಬತ್ತು.

"ಬಾ ಚಿನ್ನ, ಬಾ" ಎಂದಳು ಹೆನ್ರಿಯೆಟ್ಟಾ. ಹೆಸರು ನೆನಪಿಲ್ಲದವರೆಲ್ಲ ಅವಳಿಗೆ ಚಿನ್ನ. ನಾರ್ಮನ್ ಇಪ್ಪತ್ತು ವರ್ಷಗಳಿಂದ ಚಿನ್ನ. "ನಮ್ಮಲ್ಲಿ ಮುಂಚೆ ಮಾಡಿಲ್ಲ ತಾನೆ ನೀನು?"

"ಆ ಭಾಗ್ಯ ಸಿಕ್ಕಿಲ್ಲ ಮೇಡಂ."

ಅವನು ಪಬ್ ಮಾಲೀಕನ ಮಾತುಗಳನ್ನು ಓದಿದ. ಫರ್ಗಸ್ ಪೆನ್ನು ಕಚ್ಚುತ್ತ ಕೇಳಿಸಿಕೊಂಡು "ಚೆನ್ನಾಗಿತ್ತು" ಎಂದ. ಆ ವೃತ್ತಿಯಲ್ಲಿ ಹಾಗಂದರೆ ಬಾಗಿಲು ಆ ಕಡೆ ಇದೆ ಎಂದರ್ಥ. "ಆದ್ರೆ ಸಾರ್, ನನ್ನ ತಲೇಲಿ ಒಬ್ಬ ಕೂತ್ಬಿಟ್ಟಿದಾನೆ. ಇಲ್ಲಿ ನೋಡಿ ಒಂಚೂರು." ಅವನು ಟ್ಯಾಬನ್ನು ನಾರ್ಮನ್‌ನ ಕಡೆ ತಿರುಗಿಸಿದ.

ಪರದೆಯ ಮೇಲೆ ಗಡ್ಡಧಾರಿ ಗೋರಿ ತೋಡುವವನೊಬ್ಬ ಪೀಪಾಯಿಯಲ್ಲಿ ಮುಳುಗುತ್ತಿದ್ದ. ನಾರ್ಮನ್‌ಗೆ ಆ ಅಂಟುಗಡ್ಡದ ತುರಿಕೆ ಇನ್ನೂ ನೆನಪಿತ್ತು.

"ಆ ಕೈ ನೋಡಿ, ಕೈ!" ಫರ್ಗಸ್ ಕುರ್ಚಿಯ ತುದಿಗೆ ಬಂದಿದ್ದ. "ಸಾಯ್ತಿದಾನೆ. ಆದ್ರೂ ಬೊಗಸೇಲಿ ಒಂದು ಗುಟುಕು ಕುಡಿದು, ಚೆನ್ನಾಗಿದೆ ಅಂತ ತಲೆ ಆಡಿಸಿ, ಆಮೇಲೆ ಮುಳುಗ್ತಾನೆ. ಬರೆದಿರೋದ್ರಲ್ಲಿ ಇದಿಲ್ಲ ಸಾರ್, ತೆಗೆದು ನೋಡಿದೀನಿ. ಆ ಮನುಷ್ಯನ ಹೊಟ್ಟೆಯೊಳಗಿಂದ ಬಂದಿದ್ದು!"

"ಯಾರಿವರು?" ನಾರ್ಮನ್ ಕೇಳಿದ.

"ಯಾರಿಗ್ಗೊತ್ತು ಚಿನ್ನ" ಎಂದಳು ಹೆನ್ರಿಯೆಟ್ಟಾ. "ನಾನೇ ಆರಿಸಿದ್ದು. ಯಾರೋ ಹಳ್ಳಿ ಕಡೆಯವನಿರಬೇಕು. ನಿಜವಾಗ್ಲೂ ಸತ್ತಿದ್ರೂ ಸತ್ತಿರಬಹುದು."

"ಅವರ ಥರ ಒಂದ್ಸಲ ಓದಿ" ಎಂದ ಫರ್ಗಸ್.

ನಾರ್ಮನ್ ಅವರ ಥರ, ಎಂದರೆ ತನ್ನದೇ ಥರ, ಓದಿದ. ಫರ್ಗಸ್ ಮುಖ ಹುಳಿ ಮಾಡಿದ.

"ಬೇಜಾರು ಮಾಡ್ಕೋಬೇಡಿ. ನೀವು ನಕಲು ಹೊಡೀತಿದೀರ. ಆ ಮನುಷ್ಯ ಬದುಕಿ ತೋರಿಸ್ದ, ನೀವು ಬರೀ ಆ್ಯಕ್ಟ್ ಮಾಡ್ತಿದೀರ."

"ಸಾಕು ಬಿಡಯ್ಯಾ" ಎಂದು ಹೆನ್ರಿಯೆಟ್ಟಾ ಆಕಳಿಸಿದಳು. "ಬೆಳಿಗ್ಗೆಯಿಂದ ಹನ್ನೊಂದು ಬೋಳುತಲೆ ನೋಡಿದ್ದಾಯ್ತು. ಇವನಿಗೇ ಕೊಟ್ಬಿಡು."

ಫರ್ಗಸ್ ನಿಟ್ಟುಸಿರಿಟ್ಟ. "ಸರಿ, ನೀವೇ ಮಾಡಿ ಸಾರ್. ಅವರ ಕಾಲುಭಾಗ ಬಂದ್ರೂ ನಡೆಯುತ್ತೆ."

ಕೆಲಸ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡು ಕೈಕುಲುಕಿ ಹೊರಬಿದ್ದಿದ್ದರೆ ಮೂರು ವರ್ಷ ನಿಶ್ಚಿಂತೆ. ನಲವತ್ತೊಂದು ವರ್ಷ ಬಿಷಪ್ಪನಾಗಿಯೂ ಕರಡಿಯಾಗಿಯೂ ಬಾಯಿ ಮುಚ್ಚಿಕೊಂಡೇ ಬದುಕಿದವನಿಗೆ ಅದೇನು ಹೊಸತಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಯಾರೋ ಅವನ ಕೈಯನ್ನು ನೋಡಿದ್ದರು.

"ಕಾಲುಭಾಗ ಏನ್ರೀ!" ನಾರ್ಮನ್ ಗುಡುಗಿದ. "ಪೂರ್ತಿ ನಾನೇ ಅದು!"

ಫರ್ಗಸ್ ಮೇಜು ದಾಟಿ ಬಂದು ಅವನನ್ನು ಬಾಚಿ ತಬ್ಬಿಕೊಂಡ. "ಸಾರ್! ನಿಮ್ಮ ಸಾವನ್ನ ನಾನು ನಲವತ್ತು ಸಲ ನೋಡಿದೀನಿ ಸಾರ್!" ನಾರ್ಮನ್‌ನ ಕಣ್ಣು ಮಂಜಾಯಿತು. ಅಷ್ಟು ಹೊತ್ತಿಗೆ ಹೆನ್ರಿಯೆಟ್ಟಾ ಬೆರಳು ಮಡಿಚಿ ಎಣಿಸಿ ಮುಗಿಸಿದ್ದಳು.

"ಇನ್ನೂ ಮೂರು ವರ್ಷ ನೀನು ಸತ್ತಿರಬೇಕಲ್ಲ ಚಿನ್ನ."

ಫರ್ಗಸ್ ಎಷ್ಟು ಬೇಗ ಎದ್ದಿದ್ದನೋ ಅಷ್ಟೇ ಬೇಗ ಹೋಗಿ ಕೂತ. ಅಭಿಮಾನ ಅಭಿಮಾನದ ಜಾಗದಲ್ಲಿ, ಕಟ್ಟಳೆ ಕಟ್ಟಳೆಯ ಜಾಗದಲ್ಲಿ. ಸ್ವಲ್ಪ ಹೊತ್ತು ಕಾಗದ ತಿರುವಿಹಾಕಿ, ತಲೆ ಎತ್ತದೆಯೇ ಹೇಳಿದ: "ಹಳ್ಳದಲ್ಲಿ ಬೋರಲು ಬಿದ್ದಿರೋ ಹೆಣ ಒಂದಿದೆ ಸಾರ್. ಮುಖ ಕಾಣಲ್ಲ, ಹಾಗಾಗಿ ಕಟ್ಟಳೆ ಅಡ್ಡ ಬರಲ್ಲ. ನಿಮ್ಮಂಥ ದೊಡ್ಡ ಕಲಾವಿದರು ಮಾಡಿದ್ರೆ ಅದಕ್ಕೊಂದು ತೂಕ ಬರುತ್ತೆ."

ನಾರ್ಮನ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಬಾಗಿಲಿನವರೆಗೆ ನಡೆದ. ಚಿಲಕದ ಮೇಲೆ ಕೈಯಿಟ್ಟು ತಿರುಗಿದ.

"ಹೆಣಕ್ಕೆ ಹೆಸರಿದೆಯಾ?"

ಹೆನ್ರಿಯೆಟ್ಟಾ ಹಾಳೆ ಮಗುಚಿದಳು. "'ಎರಡನೆಯ ಹೆಣ' ಅಂತಿದೆ ಚಿನ್ನ."

ನಾರ್ಮನ್‌ನ ಹುಬ್ಬು ಗಂಟಿಕ್ಕಿತು. ಅವನು ವಾಪಸ್ ಮೇಜಿನ ಹತ್ತಿರ ಬಂದ.

"ಮೊದಲನೇದು ಯಾರಿಗೆ ಕೊಟ್ರಿ?"