ಬಿಟ್ಟುಕೊಟ್ಟ ಜಾಗ

ಸಿಪಾಯಿ ಸುಂದರ ರಜೆಯಲ್ಲಿ ಬಂದವನು ಕೊಯಿಲದಲ್ಲಿ ಬಸ್ಸಿಳಿದು ನೆಬೀಸಳ ಅಂಗಳಕ್ಕೆ ಕಾಲಿಟ್ಟಾಗ ಅವಳು ಹೊರಟೇ ನಿಂತಿದ್ದಳು. ಜಗಲಿಯ ಮೇಲೆ ಬಟ್ಟೆಯ ಗಂಟು, ಅವಲಕ್ಕಿಯ ಡಬ್ಬ.

"ರೈಲು ಎಷ್ಟು ಗಂಟೆಗೆ ಮಗಾ?"

ಅವಳ ಮಗ ಅಲಿ ಕುಂಞಿ ಸುಂದರನ ಪಲ್ಟನ್ನಿನವನೇ. ಎಪ್ಪತ್ತೊಂದರ ಯುದ್ಧದಲ್ಲಿ, ಪಾಕಿಸ್ತಾನದೊಳಗೆ ಗೆದ್ದುಕೊಂಡ ಒಂದು ಮರಳುಗಾಡಿನ ಹಳ್ಳಿಯಲ್ಲಿ ಸತ್ತ. ಅಲ್ಲೇ ಜಾಲಿಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದವರಲ್ಲಿ ಸುಂದರನೂ ಒಬ್ಬ. 'ಜಾಗ ಈಗ ನಮ್ಮ ಕೈಯಲ್ಲೇ ಉಂಟು, ಮುಂದಿನ ರಜೆಯಲ್ಲಿ ಬಂದು ನಿಮ್ಮನ್ನು ಕರಕೊಂಡು ಹೋಗ್ತೇನೆ' ಎಂದು ಕಾಗದ ಬರೆದವನೂ ಅವನೇ.

ಸುಂದರ ನಿಂತೇ ಹೇಳಿದ. "ಹೋಗ್ಲಿಕ್ಕೆ ಆಗುದಿಲ್ಲ ಉಮ್ಮ. ಎರಡೂ ಸರಕಾರದವರು ಕೂತು ಒಪ್ಪಂದ ಮಾಡಿದ್ರು. ಹಿಡಿದ ಜಾಗ ಬಿಟ್ಟುಕೊಡುದು ಅಂತ. ಹೋದ ತಿಂಗಳು ನಾವೆಲ್ಲ ವಾಪಸು ಬಂದೆವು."

"ಹಾಗಾದ್ರೆ ಇನ್ನು ಯುದ್ಧ ಇಲ್ವಾ?"

"ಆಗ್ಬಾರ್ದು ಅಂತಲೇ ಮಾಡಿದ್ದು."

"ಒಳ್ಳೆದು. ಬೇರೆಯವರ ಮಕ್ಕಳಾದ್ರೂ ಬದುಕ್ಲಿ." ನೆಬೀಸ ಜಗಲಿಯ ಅಂಚಿಗೆ ಕುಳಿತಳು. "ಬರುವಾಗ ಅವನನ್ನು ತರ್ಲಿಕ್ಕೆ ಆಗ್ಲಿಲ್ವಾ?"

"ಸಾಹೇಬರ ಹತ್ರ ಕೇಳಿದೆ. ಸಮಯ ಇಲ್ಲ ಅಂದ್ರು. ಟೆಂಟು, ಮುಳ್ಳುತಂತಿ, ಖಾಲಿ ಡ್ರಮ್ಮು ಸಹ ಬಿಡದೆ ಲಾರಿಗೆ ಹೇರಿದೆವು..." ಏನು ಹೇಳುತ್ತಿದ್ದೇನೆಂದು ಸುಂದರನಿಗೆ ಆಗ ಹೊಳೆಯಿತು.

"ಆ ಹಳ್ಳಿಯವರು ಈಗ ತಿರುಗಿ ಬಂದಿರ್ಬೇಕಲ್ಲ? ನಮ್ಮ ಜಾತಿಯವರೇ ಅಲ್ವಾ? ಅವನ ಹೆಸರಲ್ಲಿ ಒಂದು ದುಆ ಮಾಡ್ಲಿಕ್ಕಿಲ್ವಾ?"

"ಅವರಿಗೆ ಅವ ಇಂಡಿಯಾದ ಸಿಪಾಯಿ, ಉಮ್ಮ."

ನೆಬೀಸ ತಲೆಯ ಮೇಲಿನ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು. ಸುಂದರನಿಗೆ ಸುಮ್ಮನಿರಲು ಆಗಲಿಲ್ಲ.

"ಪುತ್ತೂರಿನಲ್ಲಿ ವಕೀಲರಿದ್ದಾರೆ. ದಿಲ್ಲಿಗೆ ಒಂದು ಅರ್ಜಿ ಬರೆಸುವ. ತಾಯಿಗೆ ಒಂದು ಸಲ ಅಲ್ಲಿಗೆ ಹೋಗ್ಲಿಕ್ಕೆ ಪರವಾನಿಗೆ ಕೊಡ್ಬೇಕು ಅಂತ. ನೀವು ಹೆಬ್ಬೆಟ್ಟು ಒತ್ತಿದ್ರೆ ಸಾಕು."

ದಾರಿಯಲ್ಲಿ ಯಾರೋ ಇಬ್ಬರು ಮಾತಾಡುತ್ತ ಹೋಗುತ್ತಿದ್ದರು. ಅವರು ದಾಟಿ ಹೋಗುವವರೆಗೆ ಅವಳು ಕಾದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಬೇಡ ಮಗಾ. ನೆಬೀಸ ಪಾಕಿಸ್ತಾನಕ್ಕೆ ಹೋಗ್ಲಿಕ್ಕೆ ಅರ್ಜಿ ಹಾಕಿದ್ದಾಳೆ ಅಂತ ಮಾತ್ರ ಊರಿಗೆ ಗೊತ್ತಾಗುದು. ಯಾಕೆ ಅಂತ ಯಾರೂ ಕೇಳ್ಲಿಕ್ಕಿಲ್ಲ."